ಇಳಿಜಾರಲ್ಲಿ ನಿಲ್ಲುವ ಕಾರು

ಪಿರೋಟ್ ಊರಿನ ಹೊಳೆದಂಡೆಯ ಶೆಡ್ಡಿನಲ್ಲಿ ರುಮೆಂಕಾ ಹನ್ನೊಂದು ದಿನದಿಂದ ಒಂದೇ ಕಾರಿನ ಜೊತೆ ಜಗಳಕ್ಕೆ ಬಿದ್ದಿದ್ದಳು. ಐವತ್ತನಾಲ್ಕು ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ಹದಿನೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸಿದವಳು. ಅಲ್ಲಿಗೆ ಹೊಸ ಯಂತ್ರ ಬಂದು ಅರ್ಧ ಜನರನ್ನು ಮನೆಗೆ ಕಳಿಸಿದಾಗ ಕಾರುಗಳ ವೈರಿಂಗ್ ಕೆಲಸ ಹಿಡಿದಳು. ಮೊದಮೊದಲು ಬಂದವರೆಲ್ಲ "ಮೇಸ್ತ್ರಿ ಇಲ್ವಾ?" ಎಂದು ಅವಳ ಭುಜದ ಮೇಲಿಂದ ಒಳಗೆ ಇಣುಕುತ್ತಿದ್ದರು. "ಎದುರಿಗೇ ನಿಂತಿದ್ದೀನಲ್ಲ, ಬಾನೆಟ್ ಎತ್ತಿ" ಅನ್ನುತ್ತಿದ್ದಳು. ಈಗ ಯಾರೂ ಹಾಗೆ ಇಣುಕುವುದಿಲ್ಲ.

ಕಾರು ದನದ ಡಾಕ್ಟರ್ ಚೆಡೊಮಿರ್ ಅವರದು. ಹದಿನೇಳು ವರ್ಷ ಹಳೆಯದು. ಅದರ ಎಂಜಿನ್ನಿಗೆ ಪೆಟ್ರೋಲು ಚಿಮುಕಿಸುವುದು ಒಂದು ಕಂಪ್ಯೂಟರ್ ಡಬ್ಬಿಯ ಕೆಲಸ. ಗಾಳಿ ಎಷ್ಟು, ಬಿಸಿ ಎಷ್ಟು ಎಂದು ಹತ್ತಾರು ತಂತಿಗಳು ಆ ಡಬ್ಬಿಗೆ ಸುದ್ದಿ ಮುಟ್ಟಿಸುತ್ತಿರಬೇಕು. ಒಂದು ತಂತಿ ಸುಳ್ಳು ಹೇಳಿದರೂ ಎಂಜಿನ್ ದಾರಿ ತಪ್ಪುತ್ತದೆ.

"ಇಳಿಜಾರಲ್ಲಿ ದೀಪ ಆರಿದ ಹಾಗೆ ಆರಿಹೋಗತ್ತೆ ಕಣಮ್ಮಾ," ಡಾಕ್ಟರು ಮೊದಲ ದಿನವೇ ಹೇಳಿದ್ದರು. "ನಾನು ಹಳ್ಳಿಗೆ ನಡ್ಕೊಂಡು ಹೋಗಿ, ಕೆಲಸ ಮುಗಿಸಿ ವಾಪಸ್ ಬಂದ್ರೆ ಒಂದೇ ಸಲಕ್ಕೆ ಸ್ಟಾರ್ಟ್!"

ಹಾಗೆ ನಿಂತು ಸುಧಾರಿಸಿಕೊಂಡು ಎದ್ದರೆ ಅದು ಬಿಸಿಯ ಕಾಯಿಲೆ. ರುಮೆಂಕಾ ಹಾಗೇ ಅಂದುಕೊಂಡಳು. ಪೆಟ್ರೋಲ್ ಪಂಪಿಗೆ ಕರೆಂಟು ಕೊಡುವ ರಿಲೇಗೆ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದಳು. ಅದು ಜಗ್ಗಲಿಲ್ಲ. ಬಿಸಿ ಅಳೆಯುವ ಸೆನ್ಸರನ್ನು ಕುದಿಯುವ ನೀರಿನ ಪಾತ್ರೆಯಲ್ಲಿಟ್ಟು ಮೀಟರ್ ಹಿಡಿದಳು. ಲೆಕ್ಕ ಸರಿಯಾಗಿತ್ತು. ಎಂಜಿನ್ ಮೇಲಿನ ಒಂದೊಂದೇ ಕನೆಕ್ಟರ್ ಬಿಚ್ಚಿ, ಉಜ್ಜಿ, ಮತ್ತೆ ಕೂಡಿಸಿದಳು. ತಾನೇ ಕಾರನ್ನು ಬೆಟ್ಟಕ್ಕೆ ಏರಿಸಿ ಇಳಿಸಿದಳು, ಮೂರು ಸಲ. ಕಾರು ಸಾಧು ಹಸುವಿನ ಹಾಗೆ ಮನೆಗೆ ಬಂತು.

"ತಗೊಂಡು ಹೋಗಿ, ಏನೂ ಆಗಿಲ್ಲ" ಎಂದು ಎರಡು ಸಲ ಕೊಟ್ಟಳು. ಎರಡು ಸಲವೂ ಅದು ಡಾಕ್ಟರ ಕೈಯಲ್ಲಿ ಅದೇ ಬೆಟ್ಟದಲ್ಲಿ ನಿಂತಿತು.

ಪಕ್ಕದ ಶೆಡ್ಡಿನಲ್ಲಿ ಟೈರು ಹಾಕುವ ಗ್ರಾಡಿಮಿರ್ ಕಾಫಿ ಕಪ್ಪು ಹಿಡಿದುಕೊಂಡು ಬಂದು ಗೋಡೆಗೆ ಒರಗಿ ನಿಂತ. "ಏನಕ್ಕಾ, ಕಾರು ಡಾಕ್ಟ್ರನ್ನ ಕಂಡ್ರೆ ಮಾತ್ರ ಸಾಯತ್ತಾ?"

"ಅವರು ಓಡ್ಸೋದೇ ಸರಿಯಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ರುಮೆಂಕಾ ಕೈಯಲ್ಲಿದ್ದ ಇಕ್ಕಳವನ್ನು ಬೆಂಚಿನ ಮೇಲೆ ಕುಕ್ಕಿದಳು. "ಟೈರಿಗೆ ಗಾಳಿ ತುಂಬೋನು ನೀನು. ಬಾಯಲ್ಲಿರೋ ಗಾಳಿನೂ ಅಲ್ಲಿಗೇ ತುಂಬು, ಹೋಗು."

ಅವನನ್ನು ಅಟ್ಟಿದಳು, ಆದರೆ ಮಾತು ಒಳಗೆ ಉಳಿಯಿತು. ಊಟದಲ್ಲಿ ಬೀನ್ಸ್ ಸಾರು ರುಚಿಸಲಿಲ್ಲ. ಗಂಡ ಬ್ರೆಡ್ಡು ಮುಂದೆ ತಳ್ಳಿದರೆ ಅವನ ಮೇಲೂ ರೇಗಿದಳು. ಕೆಟ್ಟು ನಿಂತಿದ್ದನ್ನು ರಿಪೇರಿ ಮಾಡಬಹುದು. ಕೆಟ್ಟೇ ಇಲ್ಲ ಎಂದು ನಾಟಕ ಆಡುವುದನ್ನು ಎಲ್ಲಿಂದ ಹಿಡಿಯುವುದು?

ಹನ್ನೆರಡನೇ ದಿನ ಬೆಳಿಗ್ಗೆ ಡಾಕ್ಟರು ಹಿಮ ಮೆತ್ತಿದ ಬೂಟಿನಲ್ಲೇ ಒಳಗೆ ಬಂದರು. ಸಾಮಾನ್ಯವಾಗಿ ದೊಡ್ಡ ದನಿ ಅವರದು. ಅವತ್ತು ಮೆಲ್ಲಗೆ ಮಾತಾಡಿದರು.

"ನಿನ್ನೆ ಕಾರು ಮತ್ತೆ ನಿಂತಿತು. ನಾನು ಹೋಗಿ ಮುಟ್ಟೋದ್ರೊಳಗೆ ಕರು ಹೊಟ್ಟೇಲೇ ಸತ್ತಿತ್ತು. ಒಂದು ಗಂಟೆ ನಡೆದೆ, ಮೊಣಕಾಲುದ್ದ ಹಿಮದಲ್ಲಿ. ಹಸು ಸಾಕಿದ ಮುದುಕಿ ನನಗೊಂದು ಮಾತೂ ಅನ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ರುಮೆಂಕಾ ಕೈ ಒರೆಸಿಕೊಂಡಳು. "ಇವತ್ತು ಎಲ್ಲಿಗೆ ಹೊರಟಿದ್ದೀರಿ?"

"ಮತ್ತೆ ಅದೇ ದಾರಿ."

"ನಾನೂ ಬರ್ತೀನಿ. ಏನನ್ನೂ ಬದಲಾಯಿಸ್ಬೇಡಿ. ದಿನಾ ಹೇಗೆ ಹೋಗ್ತೀರೋ ಹಾಗೇ ಹೋಗಿ."

ಮುಂದಿನ ಸೀಟಿನಲ್ಲಿ ಕೂರಲು ಹೋದರೆ ಕಾಲಿಡುವ ಜಾಗದಲ್ಲಿ ಒಂದು ಚರ್ಮದ ಚೀಲ ಕೂತಿತ್ತು. ಕರು ಎಳೆಯುವ ಸರಪಳಿ, ಕಬ್ಬಿಣದ ಸಲಕರಣೆ, ಔಷಧಿ ಬಾಟಲಿಗಳೆಲ್ಲ ಸೇರಿ ಅದರ ಭಾರ ಒಂದು ಕುರಿಯಷ್ಟು.

"ಹಿಂದಕ್ಕೆ ಇಡ್ಲಾ?" ಎಂದರು ಡಾಕ್ಟರು.

"ಬೇಡ, ಬೇಡ. ನಾನೇ ಹಿಂದೆ ಕೂರ್ತೀನಿ."

ಏರುದಾರಿಯಲ್ಲಿ ಕಾರು ಚೆನ್ನಾಗಿಯೇ ಹೋಯಿತು. ನೆತ್ತಿ ದಾಟಿ ಆಚೆ ಇಳಿಯತೊಡಗಿದಾಗ ಡಾಕ್ಟರು ಬ್ರೇಕ್ ಒತ್ತಿದರು. ಚೀಲ ಸರ್ರನೆ ಮುಂದಕ್ಕೆ ಜಾರಿ ಬದಿಯ ಒಡೆದ ಪ್ಲಾಸ್ಟಿಕ್ ಹಲಗೆಗೆ ಹೋಗಿ ಒತ್ತಿಕೊಂಡಿತು. ಎಂಜಿನ್ ಆರಿತು.

"ನೋಡಿದ್ಯಾ? ನೋಡಿದ್ಯಾ?" ಡಾಕ್ಟರು ಸ್ಟೀರಿಂಗ್ ಗುದ್ದಿದರು.

"ಕೂಗ್ಬೇಡಿ. ಚೀಲ ತೆಗೀರಿ."

ತೆಗೆದರು. ಕೀಲಿ ತಿರುಗಿಸಿದರು. ಎಂಜಿನ್ ಎದ್ದು ಕೂತಿತು. ಕಾರು ಯಾವತ್ತೂ ಸುಧಾರಿಸಿಕೊಂಡೇ ಇರಲಿಲ್ಲ. ಡಾಕ್ಟರು ಚೀಲ ಎತ್ತಿಕೊಂಡು ಹಳ್ಳಿಗೆ ನಡೆದಾಗಲೆಲ್ಲ ಕಾಯಿಲೆಯೂ ಅವರ ಜೊತೆಗೇ ಇಳಿದುಹೋಗುತ್ತಿತ್ತು. ರುಮೆಂಕಾ ಚೀಲವಿಲ್ಲದೆ ಓಡಿಸಿ ನೋಡಿದ್ದಳು, ಅಷ್ಟೇ.

ರಸ್ತೆ ಬದಿಯಲ್ಲೇ ಮಂಡಿಯೂರಿ ಆ ಹಲಗೆ ಕಿತ್ತಳು. ಹಿಂದೆ ಕಂಪ್ಯೂಟರ್ ಡಬ್ಬಿ, ಅದರಿಂದ ಹೊರಟ ತಂತಿಯ ಕಂತೆ. ಡಬ್ಬಿಯ ಅರ್ಥ್ ತಂತಿಗೆ ಯಾರೋ ಮಧ್ಯೆ ಒಂದು ತುಂಡು ಸೇರಿಸಿ ಸುತ್ತಿದ್ದರು. ಬೆಸುಗೆ ಬಿಟ್ಟು, ಸುಮ್ಮನೆ ತಾಗಿಕೊಂಡು ನಿಂತಿತ್ತು. ಒತ್ತಿದರೆ ಬಿಡುತ್ತಿತ್ತು.

"ಯಾವ ಕತ್ತೆ ಮಾಡಿದ ಕೆಲ್ಸ ಇದು!" ಎಂದಳು. ಎಂದು ಮುಗಿಸುವಷ್ಟರಲ್ಲಿ ಕಣ್ಣು ಆ ತುಂಡಿನ ಮೇಲೆ ಬಿತ್ತು.

ಸೇರಿಸಿದ ತುಂಡು ಹಸಿರು ಬಿಳಿ ಪಟ್ಟೆಯದು, ಎಕ್ಸ್‌ಚೇಂಜಿನ ತಂತಿ. ಕಂತೆಗೆ ಬಿಗಿದದ್ದು ಮೇಣ ಹಚ್ಚಿದ ದಾರ, ಎರಡು ಸುತ್ತಿನ ಗಂಟು. ಆ ಊರಲ್ಲಿ ಕಾರಿನ ತಂತಿಗೆ ಆ ಗಂಟು ಹಾಕುವ ಕೈ ಒಂದೇ. ಒಂಬತ್ತು ವರ್ಷದ ಹಿಂದೆ, ದೇಶದ ಮೇಲೆ ನಿರ್ಬಂಧ ಬಿದ್ದು ಗಡಿ ದಾಟಿ ಒಂದು ಫ್ಯೂಸೂ ಬಾರದ ಕಾಲದಲ್ಲಿ, ಡಾಕ್ಟರು ಅವಸರ ಮಾಡಿದರೆಂದು "ಸದ್ಯಕ್ಕೆ" ಎಂದು ಮಾಡಿಕೊಟ್ಟಿದ್ದಳು. ಆಮೇಲೆ ಇಬ್ಬರೂ ಮರೆತಿದ್ದರು.

ಸುಮ್ಮನಿದ್ದು ಬೆಸುಗೆ ಹಾಕಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಎದ್ದು ನಿಂತಳು.

"ಕತ್ತೆ ನಾನೇ, ಡಾಕ್ಟ್ರೇ."

ಡಾಕ್ಟರು ತಂತಿಯನ್ನೂ ಅವಳ ಮುಖವನ್ನೂ ನೋಡಿದರು.  "ಈಗ ಕಟ್ಟು. ಅಲ್ಲೊಂದು ಹಸು ಕಾಯ್ತಿದೆ" ಎಂದರು. ಬೈಯಲಿಲ್ಲ. ಅದೇ ಅವಳಿಗೆ ಸಹಿಸಲಾಗಲಿಲ್ಲ.

ಆಮೇಲೆ ಮೂರು ದಿನ ಕೂತು ಆ ಕಾರಿನ ತಂತಿಯ ಕಂತೆಯನ್ನೇ ಹೊಸದಾಗಿ ಹೆಣೆದಳು. ಕಾರು ಮತ್ತೆ ಬೆಟ್ಟದಲ್ಲಿ ನಿಲ್ಲಲಿಲ್ಲ. ಅವಳಿಗೆ ಮಾತ್ರ ನೆಮ್ಮದಿ ಬರಲಿಲ್ಲ. ಆ ವರ್ಷ ಇನ್ನೆಷ್ಟು ಕಾರುಗಳಿಗೆ ಹೀಗೆ "ಸದ್ಯಕ್ಕೆ" ಮಾಡಿದ್ದಳೋ! ಮಾರ್ಕೆಟ್ಟಿನಲ್ಲಿ, ಚರ್ಚಿನ ಅಂಗಳದಲ್ಲಿ, ಬಸ್ ನಿಲ್ದಾಣದಲ್ಲಿ ಕಂಡವರಿಗೆಲ್ಲ ಹೇಳಿಬಿಟ್ಟಳು: ಆ ಕಾಲದಲ್ಲಿ ನನ್ನ ಹತ್ರ ತಂತಿ ಕಟ್ಟಿಸಿಕೊಂಡವರು ಗಾಡಿ ತನ್ನಿ, ದುಡ್ಡು ಬೇಡ. ಆರು ಜನ ತಂದರು. ನಾಲ್ಕು ಗಾಡಿಗಳಲ್ಲಿ ಬೆಸುಗೆ ಗಟ್ಟಿಯಾಗಿತ್ತು, ಎರಡರಲ್ಲಿ ಇರಲಿಲ್ಲ.

ಜೇನು ಸಾಕುವ ಮುದುಕ ಸ್ತೋಯ್ಲ್ಕೊ ಮಾತ್ರ ತರಲೊಪ್ಪಲಿಲ್ಲ. ಅವಳೇ ಮೀಟರ್ ಹಿಡಿದು ಅವನ ಮನೆ ಬಾಗಿಲಿಗೆ ಹೋದಳು.

"ಓಡ್ತಾ ಇದೆ ಕಣೇ, ಮುಟ್ಬೇಡ."

"ತಾತಾ, ಯಾವತ್ತಾದ್ರೂ ನಡುದಾರೀಲಿ ನಿಲ್ಲತ್ತೆ."

"ನಿಂತಾಗ ನಿನ್ನ ಹತ್ರ ತರ್ತೀನಿ."

"ನಿಲ್ಲೋ ಹಾಗೆ ಮಾಡಿದ್ದೇ ನಾನು ಅಂತಿದ್ದೀನಲ್ಲ ತಾತಾ!"

"ಮತ್ತೆ ಅದನ್ನ ಸರಿ ಮಾಡೋದು ಇನ್ಯಾರಿಗೆ ಗೊತ್ತಿರತ್ತೆ?" ಎಂದು ಮುದುಕ ಬಾನೆಟ್ಟಿನ ಮೇಲೆ ಕೈಯೂರಿ ನಿಂತುಬಿಟ್ಟ.

ರುಮೆಂಕಾ ಒಂದು ಗಳಿಗೆ ನೋಡಿದಳು. ಮೀಟರನ್ನು ಚೀಲಕ್ಕೆ ತುರುಕಿ, ಗೊಣಗುತ್ತ ಅವನ ಅಂಗಳ ದಾಟಿದಳು.