ಕಿವಿಗೆ ವೈರು ಹಾಕಿಕೊಂಡ ಕರಿಬಸಪ್ಪ

ಅಳವಂಡಿಯ ನಮ್ಮ ಓಣಿಯವರು ಅವನನ್ನು ಮೊದಲು ಗೊಬ್ಬರದ ಕರಿಬಸಪ್ಪ ಅನ್ನುತ್ತಿದ್ದರು. ಅವನದು ಗೊಬ್ಬರದ ಅಂಗಡಿ. ಎಪ್ಪತ್ತೆಂಟರಲ್ಲಿ ರಾಜದೂತ ಮೋಟಾರ್ ಸೈಕಲ್ ತಂದ. ಆಗ ಗಾಡಿ ಕರಿಬಸಪ್ಪ ಆದ. ಮರುವರ್ಷ ಕಿವಿಗೆ ವೈರು ಹಾಕಿಕೊಂಡ. ಆಮೇಲೆ ಹಳೆಯ ಎರಡು ಹೆಸರೂ ಹೋದವು. ವೈರಿನ ಕರಿಬಸಪ್ಪ ಎಂಬುದೇ ಉಳಿಯಿತು.

ವೈರು ಅಂದರೆ ರೇಡಿಯೋದ್ದು. ಅಂಗೈ ಅಗಲದ ರೇಡಿಯೋವನ್ನು ಹಳೆಯ ಸೈಕಲ್ ಟ್ಯೂಬಿನಿಂದ ಪೆಟ್ರೋಲ್ ಟ್ಯಾಂಕಿನ ಮೇಲೆ ಬಿಗಿದಿದ್ದ. ಅದರಿಂದ ಒಂದು ವೈರು ಬಂದು ಅವನ ಬಲಗಿವಿಯಲ್ಲಿ ಕೂತಿರುತ್ತಿತ್ತು. ಗಾಳಿಗೆ ಅದು ಬೀಳಬಾರದೆಂದು ತಲೆಗೆ ಟವೆಲ್ಲು ಬಿಗಿದು ಸುತ್ತುತ್ತಿದ್ದ. ಹೀಗಾಗಿ ಒಂದು ಕಿವಿಯನ್ನು ರೇಡಿಯೋ ಮುಚ್ಚಿತು, ಇನ್ನೊಂದು ಕಿವಿಯನ್ನು ಟವೆಲ್ಲು ಮುಚ್ಚಿತು. ಊರಿನ ಮಾತಿಗೆ ಕಿವಿ ಉಳಿಯಲಿಲ್ಲ.

ಅದನ್ನು ಮಾಡಿಕೊಟ್ಟವನು ಕೊಪ್ಪಳದ ರೇಡಿಯೋ ರಿಪೇರಿಯ ಜಿಲಾನಸಾಬ. ಮಾಡಿಕೊಡುವಾಗಲೇ ಹೇಳಿದ್ದ.

"ನೋಡ್ರಿ ಕರಿಬಸಪ್ನವರ, ಗಾಡಿ ಚಾಲೂ ಇದ್ದಾಗ ಇದರಾಗ ಗರಗರ ಬಿಟ್ರ ಏನೂ ಬರಂಗಿಲ್ಲ. ಇಂಜನ್ನಿನ ಕರೆಂಟು ರೇಡಿಯೋಕ್ಕ ತಾಗತೈತಿ."

"ನಮಗ ಕೇಳಿಸ್ತೈತಿ."

"ಏನ್ ಕೇಳಿಸ್ತೈತ್ರಿ?"

"ಎಲ್ಲಾ ಕೇಳಿಸ್ತೈತಿ ಬಿಡೋ ಸಾಬ."

"ಹಂಗಾರ ಛಲೋ ಆತು. ಅಲ್ಲಾ ನಿಮ್ಮ ಕಿವಿ ಸಲಾಮತ್ ಇಡ್ಲಿ."

ಕರಿಬಸಪ್ಪ ಕೇಳುತ್ತಿದ್ದದ್ದು ಕ್ರಿಕೆಟ್ ಆಟದ ಸುದ್ದಿ. ಅದು ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು, ಹಿಂದಿಯಲ್ಲಿ ಸ್ವಲ್ಪ ಹೊತ್ತು ಬರುತ್ತಿತ್ತು. ಇಂಗ್ಲಿಷು ಅವನಿಗೆ ಬಾರದು. ಹಿಂದಿ, ಸಂತೆಯಲ್ಲಿ ಮೇಕೆ ಕೊಳ್ಳುವಷ್ಟು ಬರುತ್ತಿತ್ತು. ಕ್ರಿಕೆಟ್ ಆಡಿದ್ದನ್ನು ಅವನು ಕಣ್ಣಾರೆ ಕಂಡಿರಲೂ ಇಲ್ಲ. ಆದರೂ ಗಾಡಿಯ ಮೇಲೆ ಕೂತು ಬಹಳ ತಿಳಿದವನ ಹಾಗೆ ಹೌದು ಹೌದೆಂದು ಗೋಣು ಹಾಕುತ್ತಿದ್ದ. ಆ ಗೋಣೇ ತೊಂದರೆಗೆ ಬಂತು.

ನಮ್ಮ ಕಡೆ ಗೋಣು ಹಾಕಿದರೆ ಮಾತು ಕೊಟ್ಟ ಹಾಗೆ. ಒಮ್ಮೆ ಗುಡಿಯ ಹಿರಿಯರು ರಸ್ತೆಯಲ್ಲಿ ಅವನ ಗಾಡಿ ತಡೆದರು. "ಈ ವರ್ಷ ಗುಡಿಗೆ ಸುಣ್ಣ ನೀವ ಹಚ್ಚಸ್ತೀರೇನ್ರಿ?" ಅಂದರು. ಕರಿಬಸಪ್ಪ ಗೋಣು ಹಾಕಿದ. ಮರುದಿನ ಅವನ ಬಾಗಿಲಲ್ಲಿ ಸುಣ್ಣದವರು, ಏಣಿ, ಬಕೀಟು ಎಲ್ಲ ಬಂದು ನಿಂತವು. ಅವನಿಗೆ ಏನೆಂದು ತಿಳಿಯಲಿಲ್ಲ. ಆದರೆ ಕೇಳಿಸಿರಲಿಲ್ಲ ಎಂದು ಹೇಳಲು ನಾಚಿಕೆ. ಸುಣ್ಣ ಹಚ್ಚಿಸಿದ. ಅದರ ಮೇಲೆ ಹಾರವನ್ನೂ ಹಾಕಿಸಿಕೊಂಡ.

ಅವನ ಹೆಂಡತಿ ಮಾರೆವ್ವ ಬಾವಿಯ ಹತ್ತಿರ ಹೆಂಗಸರಿಗೆ ಹೇಳುತ್ತಿದ್ದಳು: "ನಮ್ಮ ಮನಿಯವರನ್ನ ಏನರ ಕೇಳೂದಿದ್ರ ಗಾಡಿ ಮ್ಯಾಲಿದ್ದಾಗ ಕೇಳ್ರೆವ್ವ. ಮನ್ಯಾಗ ಕೇಳಿದ್ರ ಒಲ್ಲೆ ಅಂತಾರ."

ಇಷ್ಟರವರೆಗೆ ನಾವೂ ನಕ್ಕೆವು.

ಆ ವರ್ಷ ದೀಪಾವಳಿ ಆದ ಮೇಲೆ ನಮ್ಮ ಮಗ್ಗುಲ ಮನೆಯ ಮುದಕಮ್ಮ ತೀರಿಕೊಂಡಳು. ರಾತ್ರಿ ಉಂಡು ಮಲಗಿದವಳು ಬೆಳಗಿಗೆ ಏಳಲಿಲ್ಲ. ಮಗ ಗವಿಸಿದ್ದಪ್ಪ ಚಹಾ ತಗೊಂಡು ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಮುದಕಮ್ಮನಿಗೆ ಇದ್ದದ್ದು ಅವನೊಬ್ಬ ಮಗ, ಯಂಕವ್ವ ಒಬ್ಬ ಮಗಳು. ಯಂಕವ್ವನನ್ನು ಗಂಗಾವತಿಯ ಆಚೆ ಮರಳಿ ಎಂಬ ಊರಿಗೆ ಕೊಟ್ಟಿತ್ತು. ಮಗಳು ತಂದ ಸೀರೆ ಹೊದಿಸಿಯೇ ತಾಯಿಯನ್ನು ಎತ್ತಬೇಕು ಎಂಬುದು ಅವರ ಮನೆಯ ಪದ್ಧತಿ. ಆದರೆ ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡಬೇಕು ಎಂಬುದೂ ಪದ್ಧತಿಯೇ. ಮರಳಿ ದೂರ. ಅಲ್ಲಿ ಅವರ ಮನೆಯ ಹತ್ತಿರ ಫೋನಿಲ್ಲ. ಎಲ್ಲರೂ ಕರಿಬಸಪ್ಪನ ಕಡೆ ನೋಡಿದರು.

"ಗಾಡಿ ಐತಿ, ನಾ ಅದೀನಿ," ಅಂದ ಕರಿಬಸಪ್ಪ. ಟವೆಲ್ಲು ಸುತ್ತಿಕೊಂಡು ಹೊರಟ. ಅವತ್ತು ಕ್ರಿಕೆಟ್ ಇತ್ತು.

ಸಾವಿನ ಸುದ್ದಿ ಒಯ್ದವನು ಆ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ನೀರು ಕುಡಿಯುವ ಹಾಗಿಲ್ಲ, ಕೂಡುವ ಹಾಗಿಲ್ಲ. ಹೊರಗಿನಿಂದ ಹೇಳಿ ತಿರುಗಬೇಕು. ಈ ಪದ್ಧತಿ ಕರಿಬಸಪ್ಪನಿಗೆ ಭಾರಿ ಅನುಕೂಲವಾಯಿತು. ಮರಳಿಯಲ್ಲಿ ಯಂಕವ್ವನ ಅಂಗಳದ ಮುಂದೆ ಗಾಡಿ ನಿಲ್ಲಿಸಿದ. ಇಳಿಯಲಿಲ್ಲ. ಇಂಜಿನ್ ಆರಿಸಲಿಲ್ಲ. ಟವೆಲ್ಲು ಬಿಚ್ಚಲಿಲ್ಲ. ತನಗೆ ಕೇಳಿಸದವನು ಊರಿಗೆಲ್ಲ ಕೇಳಿಸುವ ಹಾಗೆ ಒದರುತ್ತಾನಲ್ಲ, ಹಾಗೆ ಒದರಿದ.

"ಯಂಕವ್ವಾ! ನಿಮ್ಮವ್ವ ಹೋದ್ಳು!"

ಯಂಕವ್ವ ಅಕ್ಕಿ ಕೇರುತ್ತಿದ್ದಳು. ಮೊರ ಅಲ್ಲೇ ಬಿತ್ತು. ಅಳುತ್ತ ಓಡಿ ಬಂದು ಗಾಡಿಯ ಹ್ಯಾಂಡಲ್ ಹಿಡಿದಳು. ಆಮೇಲೆ ನಡೆದದ್ದನ್ನು ಅವಳೇ ನಮಗೆ ಹೇಳಿದ್ದಾಳೆ.

"ಅಣ್ಣಾ, ಗಂಗಾವತ್ಯಾಗ ಸೀರಿ ತಗೊಂಡು ಬಸ್ಸಿಗೆ ಬರ್ತೀನಿ. ಹೊತ್ತು ಮುಳಗೂದ್ರಾಗ ಬಂದ ಬರ್ತೀನಿ. ಅಲ್ಲೀತನಾ ಅವ್ವನ್ನ ಎತ್ತಬ್ಯಾಡ್ರಿ ಅಂತ ಹೇಳು. ಹೇಳ್ತೀಯಿಲ್ಲೋ?"

ಕರಿಬಸಪ್ಪ ಗೋಣು ಹಾಕಿದ.

ಯಂಕವ್ವನಿಗೆ ಜೀವ ಬಂದಂತಾಯಿತು. ಹ್ಯಾಂಡಲ್ ಬಿಡದೆ ಇನ್ನೊಂದು ಮಾತು ಕೇಳಿದಳು.

"ಅವ್ವ ಕಡೀಕ ನನ್ನ ಹೆಸರು ತಗೊಂಡ್ಳೇನಣ್ಣಾ? ನನ್ನ ಕರದ್ಳೇನು?"

ಕರಿಬಸಪ್ಪ ಅದಕ್ಕೂ ಗೋಣು ಹಾಕಿದ. ಮೊದಲಿಗಿಂತ ಜೋರಾಗಿ ಹಾಕಿದ. ಗೇರು ಹಾಕಿ ಹೊರಟುಹೋದ.

ಮಧ್ಯಾಹ್ನ ಅಳವಂಡಿಗೆ ಬಂದಿಳಿದ. ಜನ ಸುತ್ತುಗಟ್ಟಿದರು.

"ಯಂಕವ್ವ ಏನಂದ್ಲು?" ಎಂದು ಗವಿಸಿದ್ದಪ್ಪ ಕೇಳಿದ.

ಈಗ ಟವೆಲ್ಲು ಬಿಚ್ಚಿತ್ತು, ಕಿವಿ ಬಯಲಾಗಿತ್ತು, ಪ್ರಶ್ನೆ ಕೇಳಿಸಿತು. ಆದರೆ ಉತ್ತರ ಮರಳಿಯಲ್ಲೇ ಉಳಿದಿತ್ತು.

"ಏನೂ ಅನ್ನಲಿಲ್ಲ," ಅಂದ.

"ಏನೂ ಅನ್ನಲಿಲ್ಲಾ? ಬರ್ತೀನಿ ಅಂತನೂ ಅನ್ನಲಿಲ್ಲಾ?"

ಅಷ್ಟು ದೂರ ಹೋಗಿ ಬಂದವನು ಬರಿಗೈಯಲ್ಲಿ ನಿಲ್ಲಬಾರದಲ್ಲ. ತನ್ನ ಕಡೆಯಿಂದ ಸ್ವಲ್ಪ ಸೇರಿಸಿದ. "ಅತ್ಲು ಅಷ್ಟ. ಬರೂದು ಅನುಮಾನ ಅನಸ್ತು. ಭತ್ತದ ಕೊಯ್ಲು ನಡದೈತಿ ನೋಡು ಅಲ್ಲಿ."

ಜನಕ್ಕೆ ಇಷ್ಟು ಸಾಕಾಯಿತು. ನಮ್ಮದು ಒಣ ಭೂಮಿ, ಅವರದು ನೀರಾವರಿ. ಆ ಸಿಟ್ಟು ಒಳಗೆ ಇದ್ದೇ ಇರುತ್ತದೆ.

"ಕಾಲುವಿ ನೀರು ಕುಡುದ ಮ್ಯಾಲ ಹಡದವ್ವ ಯಾಕ ಬೇಕಾಗ್ತಾಳ?" ಅಂದಳು ಒಬ್ಬಳು.

"ಭತ್ತ ಉದುರತೈತಿ. ಅವ್ವ ಏನು, ಸತ್ತಾಳ, ಎಲ್ಲಿಗೆ ಹೋಗ್ತಾಳ?" ಅಂದ ಇನ್ನೊಬ್ಬ.

ಗವಿಸಿದ್ದಪ್ಪ ಬಾಗಿಲಲ್ಲಿ ಕೂತು ರಸ್ತೆ ನೋಡಿದ. ಬಿಸಿಲು ಇಳಿಯಿತು. ಹಿರಿಯರು ಇನ್ನು ತಡ ಮಾಡಬಾರದು ಅಂದರು. ಮನೆಯಲ್ಲಿದ್ದ ಒಂದು ಹಳೆಯ ಸೀರೆ ಹೊದಿಸಿ ಮುದಕಮ್ಮನನ್ನು ಎತ್ತಿದರು.

ಮುಂದೆ ಹಲಗೆ ಬಾರಿಸುವವರು, ಹಿಂದೆ ಹೆಣದ ಸಿದಿಗೆ. ಹಲಗೆಯವರಿಗಿಂತ ಮುಂದೆ ಕರಿಬಸಪ್ಪ. ಅವನನ್ನು ಯಾರೂ ಮುಂದೆ ಹೋಗು ಅಂದಿರಲಿಲ್ಲ. ದೂರ ಹೋಗಿ ಸುದ್ದಿ ಮುಟ್ಟಿಸಿ ಬಂದವನು ತಾನು, ಮೆರವಣಿಗೆಗೆ ಮೊದಲಿಗನಾಗಿ ಇರಬೇಕು ಅಂತ ಅವನಿಗೇ ಅನಿಸಿತ್ತು. ಟವೆಲ್ಲು ಸುತ್ತಿಕೊಂಡು, ಒಂದನೇ ಗೇರಿನಲ್ಲಿ, ಗೋಣು ಹಾಕುತ್ತ ಹೊರಟಿದ್ದ.

ಸಿದಿಗೆ ಕೊಪ್ಪಳದ ರಸ್ತೆ ದಾಟಿದಾಗ ಹಿಂದಿನಿಂದ ಬಸ್ಸಿನ ಹಾರ್ನು ಕೇಳಿಸಿತು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಯಂಕವ್ವ ಇಳಿದಳು. ಕಂಕುಳಲ್ಲಿ ಸೀರೆಯ ಕಾಗದದ ಪೊಟ್ಟಣ. ಸಿದಿಗೆ ಕಂಡು ಅವಳು ಹಾಕಿದ ಧ್ವನಿಗೆ ಹಲಗೆ ನಿಂತವು. ಹೊತ್ತವರು ಸಿದಿಗೆ ಇಳಿಸಿದರು. ಮೆರವಣಿಗೆಯೆಲ್ಲ ಹಿಂದಕ್ಕೆ ತಿರುಗಿತು.

ಕರಿಬಸಪ್ಪನೊಬ್ಬ ಮುಂದೆ ಹೋದ.

"ಎತ್ತಬ್ಯಾಡ್ರಿ ಅಂತ ಹೇಳಿ ಕಳಿಸಿದ್ನೆಲ್ಲೋ!" ಯಂಕವ್ವ ತಮ್ಮನ ಎದೆಗೆ ಬಡಿದಳು.

"ಯಾರ ಕೂಡ ಹೇಳಿ ಕಳಿಸಿದ್ದೆವ್ವಾ?"

"ಕರಿಬಸಣ್ಣನ ಕೂಡ. ಹೂಂ ಅಂತ ಗೋಣ ಹಾಕಿದನಲ್ಲ!"

ಗೋಣು ಅಂದ ಕೂಡಲೇ ನಮಗೆಲ್ಲ ತಿಳಿಯಿತು. ಬೆಳಿಗ್ಗೆ ಅವನನ್ನು ಕಳಿಸುವಾಗ ಯಾರಿಗೂ ಹೊಳೆದಿರಲಿಲ್ಲ. ಕಾಲುವೆ ನೀರಿನ ಮಾತಾಡಿದವಳು ಸೆರಗು ಮುಂದೆ ಎಳೆದುಕೊಂಡಳು.

ಯಂಕವ್ವ ರಸ್ತೆಯಲ್ಲೇ ಕೂತಳು. ತಾಯಿಯ ಮುಖ ನೋಡಿದಳು. ಹಳೆಯ ಸೀರೆ ತೆಗೆದು ತಾನು ತಂದದ್ದು ಹೊದಿಸಿದಳು. "ಕಡೀಕ ನನ್ನ ಕರದೆಲ್ಲವ್ವಾ, ನಾ ಸನೇಕ ಇಲ್ದ ಹೋದ್ನೆಲ್ಲ," ಅಂತ ಅತ್ತಳು. ಗವಿಸಿದ್ದಪ್ಪ ಅಕ್ಕನ ಕಡೆ ನೋಡಿದ. ಅವ್ವ ಯಾರನ್ನೂ ಕರೆದಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಸಿದಿಗೆಗೆ ಹೆಗಲು ಕೊಡಲು ಬಗ್ಗಿದ.

ಅಷ್ಟರಲ್ಲಿ ಸುಡುಗಾಡಿನಲ್ಲಿ ಬೇರೆಯೇ ನಡೆದಿತ್ತು. ಕುಣಿ ತೋಡುವ ಪಕೀರಪ್ಪ ಕುಣಿ ತೋಡಿ ಸಲಿಕೆ ಊರಿಕೊಂಡು ನಿಂತಿದ್ದ. ಹೆಣ ಬರಲಿಲ್ಲ. ಹಲಗೆಯೂ ಕೇಳಿಸಲಿಲ್ಲ. ಕರಿಬಸಪ್ಪನೊಬ್ಬ ಗಾಡಿಯ ಮೇಲೆ ಬಂದು ಬೇವಿನ ಮರದ ಕೆಳಗೆ ನಿಂತ.

"ಯಾಕ್ರಿ ಸಾವಕಾರ್ರ, ಒಬ್ರ ಬಂದ್ರಿ? ಮುದುಕಿ ಎದ್ದು ಕುಂತಾಳೇನ್ರಿ?"

ಕರಿಬಸಪ್ಪ ಗೋಣು ಹಾಕಿದ.

ಪಕೀರಪ್ಪ ಕೈ ಮುಗಿದ. "ಯಪ್ಪಾ, ದೇವ್ರು ದೊಡ್ಡಾಂವ. ಹಂಗಾರ ಕುಣಿ ಮುಚ್ಚಲೇನ್ರಿ?"

ಕರಿಬಸಪ್ಪ ಮತ್ತೆ ಹಾಕಿದ.

ತೋಡಿದ ಕುಣಿಯನ್ನು ಖಾಲಿ ಬಿಡಬಾರದು. ಬಿಟ್ಟರೆ ಅದು ಊರಲ್ಲಿ ಇನ್ನೊಬ್ಬರನ್ನು ಕೇಳುತ್ತದೆ. ಇದು ಎಲ್ಲರಿಗಿಂತ ಪಕೀರಪ್ಪನಿಗೆ ಚೆನ್ನಾಗಿ ಗೊತ್ತು. ಬೇವಿನ ಟೊಂಗೆ ಮುರಿದು ಕುಣಿಯೊಳಗೆ ಎಸೆದು, ಸಲಿಕೆಯಿಂದ ಮಣ್ಣು ಎಳೆಯತೊಡಗಿದ. ಕರಿಬಸಪ್ಪ ಬೆನ್ನು ತಿರುಗಿಸಿ ಕೂತು ಆಟ ಕೇಳುತ್ತಿದ್ದ.

ನಾವು ಸಿದಿಗೆ ಹೊತ್ತು ಅಲ್ಲಿಗೆ ಬಂದಾಗ ಕುಣಿ ಮುಕ್ಕಾಲು ತುಂಬಿತ್ತು. ಪಕೀರಪ್ಪ ಸಿದಿಗೆ ನೋಡಿದ. ಸಲಿಕೆ ಬಿಟ್ಟು ಹಿಂದೆ ಸರಿದ.

"ಎದ್ದು ಕುಂತಾಳ ಅಂದ್ರಲ್ರೀ!"

"ಯಾರಂದ್ರು?"

ಪಕೀರಪ್ಪ ಬೇವಿನ ಮರದ ಕಡೆ ಕೈ ಮಾಡಿದ.

ಗವಿಸಿದ್ದಪ್ಪ ಹೋಗಿ ಕರಿಬಸಪ್ಪನ ತಲೆಯ ಟವೆಲ್ಲು ಕಿತ್ತ. ಕಿವಿಯ ವೈರೂ ಕಿತ್ತು ಬಂತು. ಕರಿಬಸಪ್ಪ ಬೆಚ್ಚಿ ತಿರುಗಿದ. ಮೊದಲು ಅವನ ಬಾಯಿಗೆ ಬಂದದ್ದು ಇದು:

"ತಡಿಯೋ, ಒಂದು ವಿಕೆಟ್ಟು ಬಿದ್ದೈತಿ."

"ನಮ್ಮ ಮನ್ಯಾಗೂ ಬಿದ್ದೈತಿ," ಅಂದ ಗವಿಸಿದ್ದಪ್ಪ. "ಹಿಡಿ ಸಲಿಕಿ."

ಕರಿಬಸಪ್ಪನಿಗೆ ಆಗ ಎಲ್ಲ ಕೇಳಿಸಿತು. ಅವತ್ತು ಅವನು ಬಿಳಿ ಪ್ಯಾಂಟು ಹಾಕಿದ್ದ. ಹಾಗೆಯೇ ಕುಣಿಗೆ ಇಳಿದ. ಪಕೀರಪ್ಪ ಮೇಲೆ ಕೂತು ಬೀಡಿ ಹಚ್ಚಿ, "ಮೂಲಿ ಚಂದಾಗಿ ತಗೀರಿ ಸಾವಕಾರ್ರ, ಕಾಲ ಹತ್ರ ಸಣ್ಣದಾತು," ಅಂತ ಹೇಳುತ್ತಿದ್ದ. ಕರಿಬಸಪ್ಪ ಒಂದೊಂದು ಮಾತಿಗೂ ಬಾಯಿಬಿಟ್ಟು ಹೂಂ ಅನ್ನುತ್ತಿದ್ದ. ಸಂಜೆ ಕೆಂಪಾದ ಮೇಲೆ ಮುದಕಮ್ಮನಿಗೆ ಮಣ್ಣು ಕೊಟ್ಟೆವು. ಹೆಂಗಸರು ರಸ್ತೆಯಿಂದಲೇ ತಿರುಗುತ್ತಾರೆ, ಅಲ್ಲಿಗೆ ಬರುವುದಿಲ್ಲ. ಯಂಕವ್ವ ಬಂದಿದ್ದಳು. ಅವತ್ತು ಬರಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಮೂರನೆಯ ದಿನದ ಕಾರ್ಯ ಮುಗಿಸಿ ಯಂಕವ್ವ ಮರಳಿಗೆ ಹೊರಟಳು. ನಾನೂ ಗವಿಸಿದ್ದಪ್ಪನೂ ಬಸ್ಸಿನವರೆಗೆ ಹೋಗಿದ್ದೆವು. ಬಸ್ಸು ತಡವಾಯಿತು. ಅಷ್ಟರಲ್ಲಿ ಕರಿಬಸಪ್ಪ ಗಾಡಿ ತಂದು ನಿಲ್ಲಿಸಿದ. ಟವೆಲ್ಲು ಇರಲಿಲ್ಲ, ವೈರೂ ಇರಲಿಲ್ಲ. ಇಂಜಿನ್ನನ್ನೂ ಆರಿಸಿದ.

"ಯಂಕವ್ವ, ಕೊಪ್ಪಳತನಾ ಬಿಡ್ತೀನಿ, ಬಾ. ಬಸ್ಸು ಯಾವಾಗ ಬರ್ತೈತೋ ಏನೋ."

"ಬಸ್ಸಿಗೆ ಹೋಗ್ತೀನಿ ಬಿಡಣ್ಣ."

"ಸಿಟ್ಟಾಗಬ್ಯಾಡ ತಂಗಿ. ಮುಖ ಸಿಕ್ತಲ್ಲ ಕಡೀಕ. ಸೀರಿನೂ ಹೊದಸೀದಿ."

"ಸಿಟ್ಟಿಲ್ಲ. ಒಂದು ಕೇಳ್ತೀನಿ, ಖರೇ ಹೇಳು. ಅವ್ವ ಕಡೀಕ ನನ್ನ ಕರದ್ಳೇನು ಅಂತ ಕೇಳಿದ್ನೆಲ್ಲ ಮರಳ್ಯಾಗ. ನೀ ಗೋಣ ಹಾಕಿದಿ. ಬಸ್ಸಿನಾಗ ಬರೂತನಾ ಅದನ್ನ ನೆನಸ್ಕೊಂಡು ಬಂದೀನಿ. ಅವ್ವ ಕರದಿದ್ಳೇನು?"

ಕರಿಬಸಪ್ಪ ಗವಿಸಿದ್ದಪ್ಪನ ಕಡೆ ನೋಡಿದ. ಗವಿಸಿದ್ದಪ್ಪ ನೆಲ ನೋಡಿದ. ಯಾರೂ ನೆರವಿಗೆ ಬರಲಿಲ್ಲ. ಹೂಂ ಅಂದರೆ ಮುಗಿಯುತ್ತಿತ್ತು. ಊರು ತುಂಬ ಅಷ್ಟು ಹೂಂ ಹಂಚಿದವನಿಗೆ ಇದೊಂದು ಹೆಚ್ಚಿನದಲ್ಲ.

"ನನಗ ಗೊತ್ತಿಲ್ಲವ್ವ," ಅಂದ. "ನೀ ಕೇಳಿದ್ದ ನನಗ ಕೇಳಿಸಿರಲಿಲ್ಲ."

ಬಸ್ಸು ಬಂತು. ಯಂಕವ್ವ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಹತ್ತಿ ನಿಂತು ತಿರುಗಿದಳು.

"ಇಷ್ಟು ಅವತ್ತ ಅಂದಿದ್ರ, ಗಾಡಿ ಆರಿಸಿ ಇನ್ನೊಮ್ಮೆ ಕೇಳ್ತಿದ್ನಿ," ಅಂದಳು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಕೊಪ್ಪಳದ ಕಡೆ ಹೋಯಿತು.