ಸತ್ತ ಪಂಪು ಸೀಳುವ ಅಕ್ಕ

"ಮೂರನೇ ಪಂಪು ಅಕ್ಕಾ ಇದು! ಆರು ತಿಂಗಳಲ್ಲಿ ಮೂರು! ರಿಪೇರಿ ಮಾಡ್ತಿದೀಯೋ, ಕಣ್ಣಿಗೆ ಮಣ್ಣೆರಚ್ತಿದೀಯೋ?"

"ಕೂಗಬೇಡ. ಟ್ಯಾಂಕು ಎಲ್ಲೀವರೆಗೆ ತುಂಬಿಸ್ತೀಯ, ಅದನ್ನ ಹೇಳು."

"ಕಂಠಮಟ್ಟ! ನನ್ನ ಕಾರು, ನನ್ನ ಪೆಟ್ರೋಲು. ನಿನಗೇನು?"

ಬೆಳಗಿನ ಆರು ಗಂಟೆ. ಗ್ಯಾರೇಜಿನ ಷಟರ್ ಇನ್ನೂ ಅರ್ಧವೇ ಎದ್ದಿದೆ. ಕೂಗಾಡುತ್ತಿರುವವನು ಮಕ್ಕಳನ್ನು ಶಾಲೆಗೆ ಬಿಡುವ ಡ್ರೈವರ್. ಕಾರಿನೊಳಗೆ ಪೆಟ್ರೋಲ್ ವಾಸನೆ ತುಂಬಿ ನಿನ್ನೆ ಇಬ್ಬರು ಮಕ್ಕಳು ವಾಂತಿ ಮಾಡಿಕೊಂಡಿದ್ದಾರೆ. ಇವತ್ತೂ ಹೀಗಾದರೆ ಬೇರೆ ಗಾಡಿ ಗೊತ್ತು ಮಾಡುತ್ತೇವೆಂದು ಹೆತ್ತವರು ಖಡಾಖಂಡಿತವಾಗಿ ಹೇಳಿದ್ದಾರೆ. ಎಂಟಕ್ಕೆ ಮೊದಲ ಮಗುವಿನ ಮನೆ ಮುಂದೆ ನಿಲ್ಲಬೇಕು.

ಅವನೆದುರು ಐವತ್ತು ದಾಟಿದ ಅಕ್ಕ ಕೆಟ್ಟ ಪರ್ಜ್ ಪಂಪನ್ನು ಗರಗಸದಿಂದ ಕೊಯ್ಯುತ್ತಿದ್ದಾರೆ. ಎರಡು ಹೋಳಾದ ಪಂಪನ್ನು ಬಿಳಿ ಕಾಗದದ ಮೇಲೆ ಕುಟ್ಟುತ್ತಾರೆ. ಸಾಸಿವೆಗಿಂತ ಸಣ್ಣ ಕಪ್ಪು ಕಾಳುಗಳು ಉದುರುತ್ತವೆ.

"ಮೊದಲ ಎರಡು ಸಲ ತಪ್ಪು ನನ್ನದು," ಅನ್ನುತ್ತಾರೆ ಅಕ್ಕ. "ನೀನು ಅವಸರ ಮಾಡಿದೆ, ನಾನು ಕೊಯ್ದು ನೋಡಲಿಲ್ಲ. ಸತ್ತ ಪಂಪು ಬದಲಾಯಿಸಿದೆ, ಕೊಂದವರನ್ನ ಹುಡುಕಲಿಲ್ಲ. ಈಗ ಸಿಕ್ಕ. ನೀನೇ!"

ಟ್ಯಾಂಕಿನ ಪೆಟ್ರೋಲ್ ಆವಿ ಒಂದು ಇದ್ದಿಲಿನ ಡಬ್ಬಿಯಲ್ಲಿ ತಂಗುತ್ತದೆ. ಅದನ್ನು ಎಳೆದು ಎಂಜಿನ್ನಿಗೆ ಉಣಿಸುವುದೇ ಈ ಅಂಗೈಯಗಲದ ಪಂಪಿನ ಕೆಲಸ. ಬಂಕಿನ ನಳಿಕೆ ಟಕ್ ಎಂದು ನಿಂತ ಮೇಲೂ ಒತ್ತಿ ಒತ್ತಿ ತುಂಬಿಸಿದರೆ ಪೆಟ್ರೋಲೇ ಡಬ್ಬಿಗೆ ನುಗ್ಗುತ್ತದೆ. ನೆನೆದ ಇದ್ದಿಲು ಪುಡಿಯಾಗಿ ಪಂಪಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪಂಪು ಸಾಯುತ್ತದೆ, ಎಳೆಯುವವರಿಲ್ಲದ ಆವಿ ಕಾರಿನೊಳಗೆ ನುಸುಳುತ್ತದೆ. ಡಬ್ಬಿ ಬದಲಿಸದೆ ಹೊಸ ಪಂಪು ಹಾಕುವುದು ಶುದ್ಧ ದಡ್ಡತನ. ಆ ದಡ್ಡತನ ಎಲ್ಲ ಕಡೆಯೂ ನಡೆದಿದೆ.

ಅಕ್ಕ ಮೊದಲು ರಬ್ಬರ್ ಕೊಳವೆ ಕಾರ್ಖಾನೆಯಲ್ಲಿದ್ದವರು. ಅದು ಮುಚ್ಚಿದಾಗ ಈ ಗ್ಯಾರೇಜಿಗೆ ಕಸ ಗುಡಿಸಲು ಬಂದರು. ಕೊಳವೆಯ ಬಿರುಕನ್ನು ಕಣ್ಣುಮುಚ್ಚಿ ಬೆರಳಲ್ಲೇ ಹಿಡಿಯುವುದನ್ನು ಕಂಡು ಮಾಲೀಕರು ಕೈಗೆ ಸ್ಪ್ಯಾನರ್ ಕೊಟ್ಟರು. ಇಂದಿಗೂ ಬಂದವರು "ಮೆಕ್ಯಾನಿಕ್ ಎಲ್ಲಿ?" ಎಂದು ಕೇಳುತ್ತಾರೆ. "ಬಗ್ಗಿ ನೋಡಿ, ಕಾರಿನ ಕೆಳಗೇ ಇದೀನಿ," ಅನ್ನುತ್ತಾರೆ ಇವರು.

ಹನ್ನೆರಡು ವರ್ಷದಲ್ಲಿ ನೂರಹನ್ನೆರಡು ಪಂಪು ಸೀಳಿದ್ದಾರೆ. ಅರವತ್ತನಾಲ್ಕರಲ್ಲಿ ಇದ್ದಿಲ ಪುಡಿ. ಮೂವತ್ತೊಂಬತ್ತರಲ್ಲಿ ಬಿರುಕುಬಿಟ್ಟ ಕೊಳವೆಯಿಂದ ಬಂದ ಧೂಳು, ಇಲ್ಲವೇ ವೈರಿನ ಕೊಂಡಿಗಿಳಿದ ನೀರು. "ವಯಸ್ಸಾಗಿ ಸತ್ತದ್ದು ಬರೀ ಒಂಬತ್ತು. ಉಳಿದದ್ದೆಲ್ಲ ನಾವೇ ಕೊಂದಿದ್ದು. ವರ್ಷಕ್ಕೊಂದು ಸಲ ಕೊಳವೆ, ಕೊಂಡಿ ನೋಡಿಸೋಕೆ ಏನು ರೋಗ?"

ಏಳೂವರೆಗೆ ಹೊಸ ಡಬ್ಬಿ, ಹೊಸ ಪಂಪು ಕೂರುತ್ತವೆ. ಕೀಲಿ ಕೊಡುವಾಗ ಅಕ್ಕ ಹೇಳುತ್ತಾರೆ: "ಟಕ್ ಅಂದಮೇಲೆ ಒಂದು ಹನಿ ಹಾಕಿಸಿದ್ರೂ ನನ್ನ ಬಾಗಿಲಿಗೆ ಬರಬೇಡ."

"ಬರಲ್ಲ ಬಿಡು! ನಿನ್ನ ಬಾಯಿಗೆ ದೊಡ್ಡ ನಮಸ್ಕಾರ!"

ಡ್ರೈವರ್ ಬಾಗಿಲು ಬಡಿದು ಹೋಗುತ್ತಾನೆ. ಎಂಟು ತಿಂಗಳಾಯಿತು, ಇತ್ತ ತಲೆ ಹಾಕಿಲ್ಲ.

"ದಿನಾ ಇದೇ ಬೀದೀಲಿ ಹೋಗ್ತಾನೆ, ಮುಖ ಊದಿಸ್ಕೊಂಡು," ಎಂದು ಅಕ್ಕ ಕೈ ಒರೆಸಿಕೊಳ್ಳುತ್ತಾರೆ. "ಹೋಗ್ಲಿ. ಮೊದಲು ಮಕ್ಕಳು ಮೂಗು ಮುಚ್ಕೊಂಡು ಕಿಟಕಿಗೆ ಅಂಟ್ಕೊಂಡಿರ್ತಿದ್ವು. ಈಗ ಗಾಜು ಏರಿಸ್ಕೊಂಡು ನಿದ್ದೆ ಹೊಡೀತಿರ್ತವೆ."