ಎರಡು ಪದದ ಹೆಸರುಗಳು

ದಮಯಂತಿ ವರ್ಕಾಡಿಯವಳು. ಹದಿನಾರು ವರ್ಷ ಬೀಡಿ ಕಟ್ಟಿದ ಬೆರಳು. ಕಾಸರಗೋಡಿನ ಒಂದು ಖಾಸಗಿ ರಕ್ತಪರೀಕ್ಷಾ ಲ್ಯಾಬಿಗೆ ಕಸ ಗುಡಿಸಲು ಸೇರಿದವಳು ನೋಡಿ ನೋಡಿಯೇ ಕಂಪ್ಯೂಟರ್ ಕಲಿತಳು. ಮೂವರು ಮಾಡುತ್ತಿದ್ದ ಕೆಲಸವನ್ನು ಮಾಲೀಕ ಮುರಳೀಕೃಷ್ಣ ಅವಳೊಬ್ಬಳ ತಲೆಗೆ ಕಟ್ಟಿದಾಗ, ಕಂಪ್ಯೂಟರೇ ಕೆಲಸ ಮಾಡಿಕೊಳ್ಳುವಂತೆ ಅವಳೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದಳು. ವರದಿ ಕೆಟ್ಟದ್ದಿದ್ದರೆ ‘ತುರ್ತು’ ಎಂಬ ಆದೇಶದ ಮುಂದೆ ರೋಗಿಯ ಹೆಸರಿನ ಎರಡಕ್ಷರ ಹೊಡೆದು ಟ್ಯಾಬ್ ಕೀ ಒತ್ತಿದರೆ ಸಾಕು, ಉಳಿದದ್ದು ತಾನಾಗಿ ತುಂಬುತ್ತಿತ್ತು. ಎಂಟರ್ ಒತ್ತಿದರೆ ಆ ಹೆಸರು ಕೌಂಟರಿನವರು ಫೋನ್ ಮಾಡುವ ಪಟ್ಟಿಗೆ ಹೋಗಬೇಕು.

ಪರೀಕ್ಷಿಸಿದ್ದು ತನ್ನ ಮಕ್ಕಳ ಹೆಸರಿನಲ್ಲಿ: ರೋಶನ್, ತುಷಾರ್. ಸರಿಯಾಗಿ ಓಡಿತು.

ಆದರೆ ನಮ್ಮ ಕಡೆ ಮನೆಹೆಸರು ಮೊದಲು, ಆಮೇಲೆ ಸ್ವಂತ ಹೆಸರು. ಕೌಂಟರಿನಲ್ಲಿ ಕೆಲವರು ಬರೆಸುವುದೂ ಹಾಗೆಯೇ: ಪಡ್ಪು ಪ್ರಫುಲ್ಲಾ. ನಡುವಿನ ಖಾಲಿ ಜಾಗ ಕಂಡರೆ ಯಂತ್ರಕ್ಕೆ ಅದು ಎರಡು ಬೇರೆ ಪದ. ಉದ್ಧರಣ ಚಿಹ್ನೆಯೊಳಗಿಟ್ಟರೆ ಮಾತ್ರ ಒಂದೇ ಹೆಸರು. ಸ್ಕ್ರಿಪ್ಟ್ ಆ ಚಿಹ್ನೆ ಹಾಕುತ್ತಿರಲಿಲ್ಲ. ಆದೇಶ ‘ಪಡ್ಪು’ವನ್ನಷ್ಟೇ ಹಿಡಿದು ಹುಡುಕಿ, ಅಂಥವರಿಲ್ಲವೆಂದು ಯಾರೂ ತೆರೆಯದ ಒಂದು ಫೈಲಿನಲ್ಲಿ ಬರೆದು ಸುಮ್ಮನಾಗುತ್ತಿತ್ತು.

ರಕ್ತ ಕೊಟ್ಟು ಹೋದ ಮೂರು ತಿಂಗಳ ಬಳಿಕ ಪ್ರಫುಲ್ಲಾ ಗೋಡೆ ಹಿಡಿದುಕೊಂಡು ಲ್ಯಾಬಿಗೆ ಬಂದಾಗ ದಮಯಂತಿ ಆ ಫೈಲು ತೆರೆದಳು. ಹನ್ನೊಂದು ಹೆಸರು. ಎಲ್ಲವೂ ಮನೆಹೆಸರಿನವು.

“ಅದನ್ನು ಅಳಿಸು ಮಾರಾಯ್ತಿ,” ಎಂದ ಮುರಳೀಕೃಷ್ಣ. “ಅವರ ಫೋನ್ ಸ್ವಿಚ್ ಆಫ್ ಇತ್ತು ಅಂತ ಹೇಳಿದರಾಯ್ತು. ಸಾಕ್ಷಿ ಎಂತ ಉಂಟು?”

“ಇದೇ ಸಾಕ್ಷಿ, ಸಾರ್.”

“ಆ ಸ್ಕ್ರಿಪ್ಟ್ ಬರೆದದ್ದು ಯಾರು? ನೀನೇ ಅಲ್ವಾ? ಹೋಗಿ ಬೀಡಿ ಕಟ್ಟು ಇನ್ನು!”

ತಪ್ಪು ಅವಳದೇ. ಆದರೆ ದಣಿದ ಒಬ್ಬಳ ಬೆರಳ ತುದಿಯಲ್ಲಿ ಊರಿನವರ ಪ್ರಾಣ ನೇತುಹಾಕಿ, ಅವಳು ಮಾಡಿದ್ದನ್ನು ಇನ್ನೊಬ್ಬರು ಒಮ್ಮೆ ನೋಡಲಿ ಎನ್ನದವನದು ಬರೀ ತಪ್ಪಲ್ಲ, ಅಪರಾಧ.

ದಮಯಂತಿ ಹೆಸರುಗಳನ್ನೂ ಅವರ ಫೋನ್ ನಂಬರುಗಳನ್ನೂ ಪ್ರಿಂಟ್ ತೆಗೆದು ಹೊರಗಿನ ಬೆಂಚಿಗೆ ಬಂದಳು.

“ಪ್ರಫುಲ್ಲಕ್ಕ, ನಿಮ್ಮ ವರದಿ ಅವತ್ತೇ ಬಂದಿತ್ತು. ರಕ್ತದ ಕ್ಯಾನ್ಸರಿನ ಗುರುತು ಉಂಟು. ನಿಮಗೆ ಫೋನ್ ಹೋಗ್ಲಿಲ್ಲ. ತಪ್ಪು ನಂದು.”

ಪ್ರಫುಲ್ಲಾ ತನ್ನ ಕಪ್ಪಗೆ ಕಂದಿದ ಮೊಣಕೈಯನ್ನೇ ನೋಡುತ್ತ ಕೂತಳು.

“ಎಂತಾದ್ರೂ ಇದ್ರೆ ಫೋನ್ ಮಾಡ್ತೇವೆ ಅಂದಿದ್ರಿ. ಮಾಡ್ಲಿಲ್ಲ ಅಲ್ವಾ? ನಾನು ಖುಷಿಯಲ್ಲಿ ದೇವಸ್ಥಾನಕ್ಕೆ ಹೋಗಿ ಹೂವಿನಪೂಜೆ ಕೊಟ್ಟು ಬಂದೆ ಮಾರಾಯ್ತಿ.”

ಅವಳನ್ನು ಆಸ್ಪತ್ರೆಗೆ ಹೋಗುವ ರಿಕ್ಷಾಕ್ಕೆ ಹತ್ತಿಸಿ, ದಮಯಂತಿ ಉಳಿದ ಹತ್ತರಲ್ಲಿ ಮೊದಲನೆಯ ನಂಬರು ಒತ್ತಿದಳು. ಎತ್ತಿದ್ದು ಆ ಹೆಸರಿನವಳ ಸೊಸೆ.

“ಅತ್ತೆಯಾ? ಅವರು ತೀರಿಹೋಗಿ ಹದಿನೈದು ದಿನ ಆಯ್ತಲ್ಲ. ನೀವು ಯಾರು?”

ದಮಯಂತಿ ತಾನು ಯಾರೆಂದು ಹೇಳಿದಳು. ಏಕೆ ಕರೆ ಮಾಡಿದೆನೆಂದೂ ಹೇಳಿದಳು. ಆ ಕಡೆಯ ಕೂಗು ನಿಲ್ಲುವವರೆಗೂ ಫೋನ್ ಕಿವಿಯಿಂದ ತೆಗೆಯಲಿಲ್ಲ. ಆಮೇಲೆ ಎರಡನೆಯದು ಒತ್ತಿದಳು.